ಕೆಂಪಿಯ ಸಂಬಂಧ

ಬಾಲ್ಕನಿಯಲ್ಲಿ ನಿಂತು ಗಟ್ಟಿಯಾಗಿ ಫೋನಿನಲ್ಲಿ ಮಾತಾಡುವುದು ಸಂಸಾರಕ್ಕೂ ವಿಜ್ಞಾನಕ್ಕೂ ಒಟ್ಟಿಗೇ ಗಂಡಾಂತರ ತರಬಲ್ಲ ಘೋರ ವಿಷಯ. ಇದನ್ನು ಯಾವ ಶಾಸ್ತ್ರಕಾರನೂ ಬರೆದಿಡದೆ ಹೋದದ್ದರಿಂದ ಪಾಚಿ ಡಾಕ್ಟರು ಕೆಟ್ಟರು.

ರೋಗಿಗಳ ಡಾಕ್ಟರಲ್ಲ; ಸಮುದ್ರದ ಕೆಂಪು ಪಾಚಿಗಳಲ್ಲಿ ಯಾವುದು ಯಾವುದಕ್ಕೆ ಅಕ್ಕ, ಯಾವುದು ದಾಯಾದಿ ಎಂದು ಪತ್ತೆ ಹಚ್ಚುವ ಡಾಕ್ಟರು. ಒಂದು ಪಾಚಿಯ ಲ್ಯಾಟಿನ್ ಹೆಸರು ಒಂದೇ ಉಸಿರಿಗೆ ಮುಗಿಯದ್ದರಿಂದ ಅದನ್ನು ‘ಕೆಂಪಿ’ ಎನ್ನುತ್ತಿದ್ದರು. ಕೆಂಪಿ ಅತಿ ಪುರಾತನ ಮನೆತನದ ಕುಡಿ ಎಂಬುದು ಅವರ ವಾದ. ಬಿಸಿಲು ಹೀರಿ ಆಹಾರ ಮಾಡುವ ಅದರ ಕ್ಲೋರೋಪ್ಲಾಸ್ಟಿನ ಜೀನೋಮನ್ನು, ಎಂದರೆ ವಂಶದ ಬರಹವನ್ನು, ಆ ಮನೆತನದ್ದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ಕಂಪ್ಯೂಟರು ಅಂದು ತೀರ್ಪು ಹೇಳಬೇಕಿತ್ತು. ಹೌದೆಂದರೆ ನೌಕರಿ ಉಳಿಯುತ್ತದೆ. ಇಲ್ಲವೆಂದರೆ ಮನೆಯ ದಾರಿ.

"ನೋಡಮ್ಮಾ," ಎಂದು ಸಹಾಯಕಿಗೆ ಫೋನಿನಲ್ಲಿ ಅರಚಿದರು, "ಕೆಂಪಿ ಸಂಬಂಧ ಇವತ್ತು ಇತ್ಯರ್ಥ ಆಗ್ಲೇಬೇಕು! ಯಾರಿಗೂ ಗೊತ್ತಾಗ್ದಂಗೆ ಎರಡು ವರ್ಷದಿಂದ ಇಟ್ಕೊಂಡಿದ್ದೀನಿ. ಇನ್ನು ಊರಿಗೆಲ್ಲಾ ಗೊತ್ತಾಗ್ಲಿ!"

ಪಕ್ಕದ ಮನೆಯ ಬಾಲ್ಕನಿಯಲ್ಲಿ ಬೆಡ್‌ಶೀಟು ಹಿಂಡುತ್ತಿದ್ದ ಅಕ್ಕನವರ ಕೈ ಅಲ್ಲೇ ನಿಂತಿತು. ಡಾಕ್ಟರು ಮೆಟ್ಟಿಲಿಳಿದ ಮರುಗಳಿಗೆ ಆಕೆ ಡಾಕ್ಟರ ಹೆಂಡತಿಯ ಕಿವಿ ಕಚ್ಚಿದರು.

ಮಧ್ಯಾಹ್ನದ ಹೊತ್ತಿಗೆ ಪ್ರಯೋಗಾಲಯದ ಬಾಗಿಲಲ್ಲಿ ಹೆಂಡತಿ, ಅತ್ತೆ, ಸಾಕ್ಷಿಗೆಂದು ಅಕ್ಕನವರು.

"ಎಲ್ರೀ ಅವ್ಳು?"

"ಯಾರೇ?"

"ಕೆಂಪಿ!"

ಡಾಕ್ಟರು ಜಾಡಿ ಎತ್ತಿ ತೋರಿಸಿದರು. "ಇದೇ ಕಣೇ!"

ಅತ್ತೆ ಇಣುಕಿದರು. "ಪಾಚಿ ಕಟ್ಟಿದ್ರೆ ಉಜ್ಜಿ ತೊಳೀಬೇಕು ಅಳಿಯಂದ್ರೇ. ಅದನ್ನ ತೋರ್ಸಿ ನಮ್ಮ ಕಣ್ಣಿಗೆ ಮಣ್ಣೆರಚ್ಬೇಡಿ."

"ಅಯ್ಯೋ ಅತ್ತೇ, ಇದರ ಕ್ಲೋರೋಪ್ಲಾಸ್ಟು..."

"ಅವಳ ತಂಗೀನಾ?" ಎಂದರು ಅಕ್ಕನವರು.

ಡಾಕ್ಟರಿಗೆ ಆ ಜಾಡಿಯಲ್ಲೇ ಮುಳುಗಿ ಸಾಯೋಣ ಎನಿಸಿತು. ಅಷ್ಟರಲ್ಲಿ ಒಳಗಿನಿಂದ ಸಹಾಯಕಿ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಬಂದಳು.

"ಸಾರ್, ಮೂರು ಸಲ ನೋಡ್ದೆ. ಕೆಂಪಿ ಜೊತೆ ಸಂಬಂಧ ಇಲ್ವೇ ಇಲ್ಲ ಸಾರ್."

ಡಾಕ್ಟರು ಕುರ್ಚಿಗೆ ಕುಸಿದರು. ಹೆಂಡತಿ ಸಂತೋಷಕ್ಕೆ ಗಳಗಳನೆ ಅತ್ತಳು.

"ನಾನ್ ಹೇಳ್ಲಿಲ್ವಾ, ನಮ್ಮ ಅಳಿಯ ಅಪ್ಪಟ ಚಿನ್ನ!" ಎಂದರು ಅತ್ತೆ.

"ಕೆಲ್ಸ ಹೋಯ್ತಲ್ಲೇ!"

"ಹೋಗ್ಲಿ ಬಿಡಿ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು, "ಮಾನ ಉಳೀತಲ್ಲ!"

ಅದೂ ಉಳಿಯಲಿಲ್ಲ. ಪಾಚಿ ಡಾಕ್ಟರು ಕೆಂಪಿಯ ಸಂಬಂಧದಿಂದಲೇ ಕೆಲಸ ಕಳೆದುಕೊಂಡರು ಎಂದು ಅಕ್ಕನವರು ಬೀದಿಗೆಲ್ಲ ಸಾರಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.