ಮಾವ ಕೊಟ್ಟ ಮಸಾಜ್ ಕುರ್ಚಿ

ಮಾವನ ಮನೆಯಿಂದ ಬಂದ ಉಡುಗೊರೆಯಲ್ಲಿ ದೋಷವಿರುವುದಿಲ್ಲ. ದೋಷವಿದ್ದರೆ ಅದು ಅಳಿಯನ ಮೈಯಲ್ಲಿರುತ್ತದೆ. ನೀರು ಸರಬರಾಜು ಕಚೇರಿಯ ದೂರು ಗುಮಾಸ್ತರಿಗೆ ಈ ಸತ್ಯ ಮನದಟ್ಟಾದದ್ದು ಮದುವೆಯ ಹತ್ತನೇ ವರ್ಷ.

ಆ ವರ್ಷ ಮಾವ ಅವರಿಗೆ ಮಸಾಜ್ ಕುರ್ಚಿಯೊಂದನ್ನು ದಯಪಾಲಿಸಿದರು. ನಾಲ್ಕು ಜನ ಹೊತ್ತು ತಂದ, ಕಪ್ಪು ಚರ್ಮದ, ಬಲು ದುಬಾರಿ ಕುರ್ಚಿ. ಕೂತವರ ಕೈಕಾಲುಗಳನ್ನು ಅದು ಗಪ್ಪನೆ ಹಿಡಿಯುತ್ತಿತ್ತು. ನಲವತ್ತು ನಿಮಿಷ ಕುಲುಕಿ, ಗುದ್ದಿ, ಹಿಂಡಿ, ತನಗೆ ಸಾಕೆನಿಸಿದಾಗ ಬಿಡುತ್ತಿತ್ತು.

"ಹೇಗಿದೆ ಅಳಿಯಂದಿರೇ?" ಎಂದು ಮಾವ ಎದುರಿಗೇ ಕೂತು ಕೇಳಿದರು.

"ಚೆ-ಚೆ-ಚೆನ್ನಾ-ನ್ನಾಗಿದೆ ಮಾ-ಮಾವ!"

"ನೋಡಮ್ಮಾ, ಸಂತೋಷಕ್ಕೆ ಮಾತೇ ಹೊರಡ್ತಿಲ್ಲ," ಎಂದು ಮಾವ ಮಗಳತ್ತ ತಿರುಗಿ ಕಣ್ಣೊರೆಸಿಕೊಂಡರು.

ಅಂದಿನಿಂದ ಪ್ರತಿ ಭಾನುವಾರ ಅಳಿಯನ ಸುಖ ನೋಡಲು ಬರತೊಡಗಿದರು. ಐದನೇ ಭಾನುವಾರ ಗುಮಾಸ್ತರ ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಉದುರಿತು.

"ನಿಮ್ಮಪ್ಪನಿಗೆ ನಿಜ ಹೇಳಿಬಿಡ್ಲಾ?"

"ಹೇಳಿ. ಆಮೇಲೆ ಊಟ ಎಲ್ಲಿ ಮಾಡ್ತೀರಿ ಅಂತ ನನಗೂ ಹೇಳಿ," ಎಂದಳು ಹೆಂಡತಿ.

ಗುಮಾಸ್ತರು ಯೋಚಿಸಿ, ಇಂಥ ಸುಖ ತಮಗೊಬ್ಬರಿಗೇ ಸಲ್ಲದೆಂದು ಕುರ್ಚಿಯನ್ನು ಕಚೇರಿಗೆ ದಾನ ಮಾಡಿದರು. ಅಳಿಯನ ದೊಡ್ಡ ಮನಸ್ಸಿಗೆ ಮಾವ ತಲೆದೂಗಿದರು. ಮೇಲಧಿಕಾರಿಗಳು ಪರಿಶೀಲನಾರ್ಥ ಒಮ್ಮೆ ಕೂತು, ಎದ್ದು, ಮೇಜು ಹಿಡಿದುಕೊಂಡೇ ಸುತ್ತೋಲೆ ಹೊರಡಿಸಿದರು:

"ನೀರು ಬರುತ್ತಿಲ್ಲವೆಂದು ದೂರು ನೀಡಬಯಸುವವರು ಮೊದಲು ಸದರಿ ಆಸನದಲ್ಲಿ ಕುಳಿತುಕೊಳ್ಳತಕ್ಕದ್ದು. ಎದ್ದ ಮೇಲೂ ದೂರು ನೆನಪಿದ್ದಲ್ಲಿ ಮಾತ್ರ ಸ್ವೀಕರಿಸಲಾಗುವುದು."

ಒಂದೇ ತಿಂಗಳಲ್ಲಿ ದೂರುಗಳು ಸೊನ್ನೆಗಿಳಿದವು. ಗುಮಾಸ್ತರಿಗೆ ಬಡ್ತಿಯಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಮಾವನೇ ಖಾಲಿ ಬಕೆಟ್ ಹಿಡಿದು ಕಚೇರಿಗೆ ಬಂದರು. ಎಂಟು ದಿನದಿಂದ ಅವರ ಬೀದಿಯ ನಲ್ಲಿಗಳಲ್ಲಿ ಬರೀ ಗಾಳಿ ಬರುತ್ತಿತ್ತು.

"ಮಾವ, ನಿಮಗೆ ಕುರ್ಚಿ ಬೇಡ. ಹಾಗೇ ಬರ್ಕೊಳ್ತೀನಿ," ಎಂದು ಗುಮಾಸ್ತರು ಅಡ್ಡ ನಿಂತರು.

"ನಿಯಮ ಅಂದ್ರೆ ನಿಯಮ. ಅಲ್ದೆ ಕೊಟ್ಟವನು ನಾನು, ನಾನೇ ಇನ್ನೂ ಕೂತಿಲ್ಲ ನೋಡಿ!" ಎಂದು ಮಾವ ಠೀವಿಯಿಂದ ಕೂತರು.

ಗುಮಾಸ್ತರು ನಲವತ್ತು ನಿಮಿಷ ಕಡತದಿಂದ ತಲೆಯೆತ್ತಲಿಲ್ಲ. ಕಡೆಗೆ ಮಾವ ಎದ್ದರು. ಕನ್ನಡಕ ಒಂದೇ ಕಿವಿಯಿಂದ ಜೋತಾಡುತ್ತಿತ್ತು.

"ಇದರಲ್ಲಿ... ಐದು ಭಾನುವಾರ ಕೂತ್ರಾ?"

"ನೀವು ಪ್ರೀತಿಯಿಂದ ಕೊಟ್ಟಿದ್ದಲ್ವಾ ಮಾವ."

ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಮಾವ ಅಳಿಯನ ಹೆಗಲ ಮೇಲೆ ಕೈಯಿಟ್ಟರು. ನಿಲ್ಲಲು ಆಸರೆಯೂ ಬೇಕಾಗಿತ್ತು.

"ನೀರಿನ ದೂರು ಬರ್ಕೊಳ್ಲಾ?"

ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ಕುರ್ಚಿಯ ಮಾನ, ಅಳಿಯನ ಬಡ್ತಿ, ಎರಡೂ ಮಾವನ ನಾಲಿಗೆಯ ತುದಿಯಲ್ಲಿದ್ದವು.

"ಯಾವ ನೀರು?" ಎಂದರು ಮಾವ, ಗಟ್ಟಿಯಾಗಿ.

ಜನ ಚಪ್ಪಾಳೆ ತಟ್ಟಿದರು. ಇಲಾಖೆ ಅಂದೇ ಇನ್ನೂ ಹನ್ನೆರಡು ಕುರ್ಚಿಗಳನ್ನು ಮಂಜೂರು ಮಾಡಿತು. ಈಗ ಊರವರೆಲ್ಲ ನಡೆಯುವಾಗ ತುಸು ಎಡಕ್ಕೆ ವಾಲುತ್ತಾರೆ. ನೀರನ್ನು ಪಕ್ಕದೂರಿನಿಂದ ಹೊತ್ತು ತರುತ್ತಾರೆ. ಆ ಊರಿನವರು ಯಾಕೆಂದು ಕೇಳಿದರೆ, "ನಮ್ಮಲ್ಲಿ ನೀರಿಲ್ಲ ನಿಜ, ಆದ್ರೆ ಉಪಚಾರ ಮಾತ್ರ ಬಹಳ ಚೆನ್ನಾಗಿದೆ," ಎನ್ನುತ್ತಾರೆ.