ಕೈಸನ್ನೆ ಕಾಣದ ಹುಡುಗಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಫೋನಿನೊಳಗೆ ಕೂತು ಮಾತಾಡುವ ಆ ಹುಡುಗಿ ಇದ್ದಾಳಲ್ಲ, ಅವಳಿಗೆ ಕೈಸನ್ನೆ ಮಾಡಿ ಕೆಲಸ ಹೇಳುವ ಗಂಡಸು ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ನಮ್ಮ ಚಿಕ್ಕಪ್ಪ! ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವನದು ನಾಲ್ಕು ಪವರ್‌ಲೂಮಿನ ಶೆಡ್ಡು. ಯಜಮಾನನೂ ಅವನೇ, ಕೂಲಿಯೂ ಅವನೇ. ಅವನ ಈ ಸನ್ನೆ ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆದರೆ ಒಂದು ಭಾನುವಾರ ಅದೇ ಸನ್ನೆಯಿಂದ ಅವನ ಬಲಗೈ ಹೋಗಿಯೇಬಿಡುತ್ತಿತ್ತು. ಆಗ ನಗು ಬರಲಿಲ್ಲ.

ಮೊದಲು ಆ ಸನ್ನೆಯ ವಿಷಯ ಹೇಳಿಬಿಡುತ್ತೇನೆ. ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವರು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಮಗ್ಗದವರು ಕೈಯಲ್ಲೇ ಮಾತಾಡುತ್ತಾರೆ. ಐದು ಬೆರಳು ಒಟ್ಟು ಮಾಡಿ ಬಾಯಿಗೆ ತೋರಿಸಿದರೆ ಊಟ. ಎರಡು ಬೆರಳು ಕತ್ತರಿಯ ಹಾಗೆ ಆಡಿಸಿದರೆ ಎಳೆ ಹರಿದಿದೆ. ಎಡಗೈಯ ತೋರುಬೆರಳಿನ ಮೇಲೆ ಬಲಗೈ ಬೆರಳುಗಳನ್ನು ತಿರುಚಿ, ಆಮೇಲೆ ಅಂಗೈಯನ್ನು ಮುಂದಕ್ಕೆ ತಳ್ಳಿದರೆ, ‘ಗಂಟು ಹಾಕಿದೀನಿ, ಇನ್ನು ಓಡಿಸು’ ಅಂತ. ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಮದುವೆಯಾದಾಗಿನಿಂದ ಆ ಶೆಡ್ಡಿನಲ್ಲೇ ಇದ್ದವರು. ಜಗಳವನ್ನೂ ಕೈಯಲ್ಲೇ ಆಡುತ್ತಾರೆ! ಬೇರೆ ಗಂಡ ಹೆಂಡತಿ ಜಗಳವಾಡಿದರೆ ಬೀದಿಗೆಲ್ಲ ಕೇಳಿಸುತ್ತದೆ. ಇವರದನ್ನು ಎದುರಿಗೆ ಕೂತು ನೋಡಬೇಕು, ಟಿಕೆಟ್ ಇಡಬಹುದಾದಂಥ ಆಟ.

ಆ ಸದ್ದು ಚಿಕ್ಕಮ್ಮನ ಕಿವಿಯನ್ನು ವರ್ಷವರ್ಷವೂ ಇಷ್ಟಿಷ್ಟೇ ತಿಂದು, ಈಗ ಪೂರ್ತಿ ಮುಗಿಸಿದೆ. ಏನೂ ಕೇಳಿಸುವುದಿಲ್ಲ. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ ‘ತಲೇಲಿ ಇನ್ನೊಂದು ಮಗ್ಗ ಓಡಿದಂಗಾಗ್ತದೆ’ ಎಂದು ಡಬ್ಬಿಯಲ್ಲಿಟ್ಟಳು. ತನ್ನ ದನಿ ತನಗೇ ಕೇಳಿಸದ ಮೇಲೆ ಬಾಯಿಬಿಟ್ಟು ಮಾತಾಡಲೂ ಅವಳಿಗೆ ಸಂಕೋಚ. ಹಾಗಾಗಿ ಕೈಯೇ ಮಾತು. ಚಿಕ್ಕಪ್ಪನ ಕಿವಿ ಪರವಾಗಿಲ್ಲ, ಆದರೆ ದನಿ ಮಾತ್ರ ಶೆಡ್ಡಿನದೇ. ಅವನು ಗುಟ್ಟು ಹೇಳಿದರೆ ಬಸ್ ಸ್ಟ್ಯಾಂಡಿನವರಿಗೂ ಗೊತ್ತಾಗುತ್ತದೆ.

ಇಂಥವನ ಕೈಗೆ ಸ್ಮಾರ್ಟ್‌ಫೋನು ಕೊಟ್ಟ ಪಾಪ ನನ್ನದು. ಅವನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಬಾಯಲ್ಲಿ ಹೇಳಿದರೆ ಅದೇ ಫೋನ್ ಮಾಡುತ್ತದೆ, ಮೆಸೇಜು ಓದುತ್ತದೆ, ಮಾತ್ರೆ ನೆನಪಿಸುತ್ತದೆ ಎಂದು ತೋರಿಸಿಕೊಟ್ಟೆ. ಒಳಗಿನಿಂದ ಹೆಣ್ಣು ದನಿ ಕೇಳಿದ್ದೇ ಚಿಕ್ಕಪ್ಪ ಅಂಗಿಯ ಗುಂಡಿ ಹಾಕಿಕೊಂಡ!

“ಯಾರಮ್ಮ ನೀನು?”

“ನಾನು ನಿಮ್ಮ ಧ್ವನಿ ಸಹಾಯಕಿ.”

“ಅದು ಗೊತ್ತಾಯ್ತಮ್ಮ. ಯಾವೂರು? ಯಾರ ಪೈಕಿ?”

ಅವಳಿಗೆ ಉತ್ತರ ಗೊತ್ತಿರಲಿಲ್ಲ. ಚಿಕ್ಕಪ್ಪ ನನ್ನ ಕಡೆ ತಿರುಗಿ, “ಪಾಪ, ಹೇಳ್ಕೊಳಕ್ಕೆ ನಾಚ್ಕೆ ಕಣೇ ಪುಟ್ಟಿ, ಬಿಡು,” ಎಂದ.

ಅವಳ ಗುಣ ಹೇಳಲೇಬೇಕು. ಒಂದೇ ಪ್ರಶ್ನೆ ಹತ್ತು ಸಲ ಕೇಳಿದರೂ ಸಿಟ್ಟಿಲ್ಲ. ನನಗೆ ಮೂರನೇ ಸಲಕ್ಕೇ ತಲೆ ಕೆಡುತ್ತದೆ. ಮಳೆ ಬರುತ್ತದಾ, ಬಿಸಿಲು ಇರುತ್ತದಾ, ನೂಲು ಒಣಗಿಸಬಹುದಾ, ಎಲ್ಲವನ್ನೂ ಅವಳನ್ನೇ ಕೇಳುವುದು. ಅವಗುಣ ಏನೆಂದರೆ ಸಮಯ ಸಂದರ್ಭ ಎಂಬುದಿಲ್ಲ. ಒಮ್ಮೆ ರಾಜಘಟ್ಟದಲ್ಲಿ ನೆಂಟರೊಬ್ಬರ ತಿಥಿ. ಎಡೆ ಇಟ್ಟು ಎಲ್ಲರೂ ಕಾಗೆಗೆ ಕಾಯುತ್ತಿದ್ದೇವೆ. ಗಂಟೆ ಹನ್ನೆರಡಾದರೂ ಕಾಗೆ ಇಳಿಯದು. ತೀರಿಕೊಂಡವರಿಗೆ ಏನು ಆಸೆ ಉಳಿದಿತ್ತೋ ಎಂದು ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಕೊನೆಗೊಂದು ಕಾಗೆ ಬಂದು ಗೋಡೆಯ ಮೇಲೆ ಕೂತಿತು, ಎಲೆಯ ಕಡೆ ಕತ್ತು ಚಾಚಿತು, ಯಾರೂ ಉಸಿರು ಬಿಡಲಿಲ್ಲ. ಆಗ ಚಿಕ್ಕಪ್ಪನ ಜೇಬಿನಿಂದ, ಫುಲ್ ವಾಲ್ಯೂಮಿನಲ್ಲಿ, “ನಿಮ್ಮ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಸಮಯವಾಗಿದೆ!”

ಕಾಗೆ ಹಾರಿಹೋಯಿತು. ಚಿಕ್ಕಪ್ಪ ಜೇಬನ್ನು ನೋಡಿಕೊಂಡು ‘ಸುಮ್ನಿರು’ ಎಂದು ಕೈಸನ್ನೆ ಮಾಡಿದ. ಅವಳು ಇನ್ನೊಂದು ಸಲ ಹೇಳಿದಳು! ತೀರಿಕೊಂಡವರ ಹೆಂಡತಿ ಮಾತ್ರ ಕೂತಲ್ಲಿಂದಲೇ, “ಅವ್ರಿಗೂ ಹಿಂಗೇ ಒಂದು ಫೋನು ತಕ್ಕೊಟ್ಟಿದ್ರೆ ಮಾತ್ರೆ ಮರೀದೆ ನುಂಗಿ ಇವತ್ತು ಇಲ್ಲೇ ಕೂತಿರೋರು,” ಎಂದರು. ಆಮೇಲೆ ಯಾರಿಗೂ ಚಿಕ್ಕಪ್ಪನನ್ನು ಬೈಯಲು ಬಾಯಿ ಬರಲಿಲ್ಲ.

ಸನ್ನೆಯ ಚಟ ಬಿಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಅವಳು “ಅಲಾರಂ ಇಡಲೇ?” ಎಂದರೆ ಇವನು ತಲೆ ಆಡಿಸುತ್ತಾನೆ. “ಎಷ್ಟು ಗಂಟೆಗೆ?” ಎಂದರೆ ಐದು ಬೆರಳು ತೋರಿಸುತ್ತಾನೆ.

“ಅವ್ಳಿಗೆ ಕಣ್ಣಿಲ್ಲ ಚಿಕ್ಕಪ್ಪ, ಬಾಯಲ್ಲಿ ಹೇಳು!”

“ಮತ್ತೆ ಮೇಲ್ಗಡೆ ಕ್ಯಾಮೆರಾ ಯಾತಕ್ಕವ್ವ ಇಟ್ಟಿರೋದು?”

ಇದಕ್ಕೆ ಏನು ಹೇಳುತ್ತೀರಿ?

ಸರಿ, ಆ ಭಾನುವಾರ. ಶೆಡ್ಡಿನೊಳಗೆ ಆದದ್ದನ್ನು ಚಿಕ್ಕಪ್ಪ ಆಮೇಲೆ ಹೇಳಿದ್ದು, ಉಳಿದದ್ದು ನಾನೇ ಕಂಡದ್ದು. ಮಧ್ಯಾಹ್ನ ಮೂರರ ಹೊತ್ತು. ಚಿಕ್ಕಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕಡೆಯ ಮಗ್ಗದಲ್ಲಿ ಏನೋ ಕಟಕಟ ಎಂದಿತೆಂದು ಚಿಕ್ಕಪ್ಪ ಬಗ್ಗಿ ನೋಡಿದ. ಮಗ್ಗ ನಿಲ್ಲಿಸಿ ಬಗ್ಗಬೇಕು ಎಂದು ಊರಿಗೆಲ್ಲ ಬುದ್ಧಿ ಹೇಳುವವನು ಇವನೇ! ಹೆಗಲ ಟವೆಲ್ ಜಾರಿ ಬೆಲ್ಟಿಗೆ ಸಿಕ್ಕಿತು. ಬಿಡಿಸಲು ಹೋದ ಬಲಗೈಯನ್ನು ಟವೆಲ್ ಸಮೇತ ಎಳೆದುಕೊಂಡು ಚಕ್ರ ಕಚ್ಚಿ ನಿಂತಿತು. ಚಕ್ರಕ್ಕೂ ಕಬ್ಬಿಣದ ಚೌಕಟ್ಟಿಗೂ ನಡುವೆ ಕೈ. ಮೋಟಾರು ತಿರುಗಲಾರದೆ ಗುಂಯ್ ಅನ್ನುತ್ತಿದೆ. ಟವೆಲ್ ಹರಿದರೆ, ಚಕ್ರ ಒಂದು ಸುತ್ತು ಬಂದರೆ, ಮುಗಿಯಿತು. ನೇಯುವವನಿಗೆ ಬಲಗೈ ಇಲ್ಲ ಎಂದರೆ ಇನ್ನೇನು ಉಳಿಯಿತು ಹೇಳಿ?

ಮೇನ್ ಸ್ವಿಚ್ಚು ಬಾಗಿಲ ಪಕ್ಕ, ಹದಿನೈದು ಅಡಿ ದೂರ. ಮೋಟಾರಿನ ಸ್ವಿಚ್ಚು ಮಗ್ಗದ ಆ ಕಡೆ. ಫೋನು ಕಿಟಕಿಯ ಕಟ್ಟೆಯ ಮೇಲೆ, ಕಣ್ಣಿಗೆ ಕಾಣುವಷ್ಟು ಹತ್ತಿರ, ಕೈಗೆ ಸಿಗದಷ್ಟು ದೂರ. ಉಳಿದ ಮೂರು ಮಗ್ಗ ತಮ್ಮ ಪಾಡಿಗೆ ಹೊಡೆದುಕೊಳ್ಳುತ್ತಲೇ ಇವೆ. ಚಿಕ್ಕಪ್ಪ ಕೂಗಿದ. ಬಸ್ ಸ್ಟ್ಯಾಂಡಿಗೆ ಕೇಳಿಸುವ ಅದೇ ದನಿಯಲ್ಲಿ ಕೂಗಿದ. ಆ ಸದ್ದಿನಲ್ಲಿ ಫೋನಿಗೂ ಕೇಳಲಿಲ್ಲ, ಅಕ್ಕಪಕ್ಕದ ಮನೆಗಳಲ್ಲೂ ಮಗ್ಗ ಓಡುತ್ತಿದ್ದವಲ್ಲ, ಅವರಿಗೂ ಕೇಳಲಿಲ್ಲ.

ಆಗ ಕರೆಂಟು ಹೋಯಿತು.

ನಮ್ಮೂರಿನಲ್ಲಿ ಕರೆಂಟು ಹೋದಾಗ ಶಾಪ ಹಾಕದವರಿಲ್ಲ, ಅದರಲ್ಲೂ ಚಿಕ್ಕಪ್ಪ ಹಾಕುವ ಶಾಪವನ್ನು ಮಕ್ಕಳ ಮುಂದೆ ಹೇಳುವ ಹಾಗಿಲ್ಲ. ಅವತ್ತು ಮಾತ್ರ ಬೀದಿಗೆ ಬೀದಿಯೇ ನಿಶ್ಶಬ್ದವಾದಾಗ ಅವನ ಕಣ್ಣಲ್ಲಿ ನೀರು ಬಂತಂತೆ. ಆದರೆ ಕರೆಂಟು ಈಗ ಹೋಗಿ ಈಗಲೇ ಬರಬಹುದು. ಬಂದ ಕ್ಷಣ ಮೋಟಾರು ಝಾಡಿಸಿ ಎಳೆಯುತ್ತದೆ. ಅಷ್ಟರೊಳಗೆ ಯಾರಾದರೂ ಬಂದು ಸ್ವಿಚ್ಚು ಆರಿಸಬೇಕು.

ಮತ್ತೆ ಕೂಗಿದ. ಕರೆಂಟು ಹೋದಾಗ ದಿನವೂ ಹಾಕುವ ಶಾಪವೇ ಎಂದುಕೊಂಡರೋ ಏನೋ, ಅಕ್ಕಪಕ್ಕದವರು ಯಾರೂ ಬರಲಿಲ್ಲ. ಕೊನೆಗೆ ಫೋನಿನ ಹುಡುಗಿಯನ್ನು ಕರೆದ. ಅವಳು ಎದ್ದಳು.

“ಹೇಳಿ, ನಿಮಗೆ ಹೇಗೆ ಸಹಾಯ ಮಾಡಲಿ?”

“ಕೈ ಸಿಕ್ಕಾಕ್ಕೊಂಡದೆ ಕಣಮ್ಮ! ಕೈ ಹೋಯ್ತದೆ!”

“ಕೈಗಳ ಬಗ್ಗೆ ನನಗೆ ಸಿಕ್ಕ ಮಾಹಿತಿ ಇಲ್ಲಿದೆ. ಊಟಕ್ಕೆ ಮೊದಲು ಕೈಗಳನ್ನು ಸೋಪಿನಿಂದ ಚೆನ್ನಾಗಿ ತೊಳೆಯಬೇಕು...”

ಅವಳು ಕೈ ತೊಳೆಯುವ ವಿಧಾನವನ್ನು ಬೆರಳ ಸಂದಿಯಿಂದ ಹಿಡಿದು ಉಗುರಿನವರೆಗೆ ಪೂರ್ತಿ ಓದಿ ಮುಗಿಸುವವರೆಗೂ ಚಿಕ್ಕಪ್ಪ ಕಾಯಬೇಕಾಯಿತು. ಕಾದ. ಮತ್ತೆ ಕರೆದ. ಈ ಸಲ ನಾನು ಹೇಳಿಕೊಟ್ಟಿದ್ದ ಹಾಗೆಯೇ, ಮಗ್ಗಿ ಒಪ್ಪಿಸುವವನಂತೆ, “ಪುಟ್ಟಿಗೆ ಫೋನ್ ಮಾಡು,” ಎಂದ.

“ಪುಟ್ಟಿ ಹೆಸರಿನಲ್ಲಿ ಎರಡು ನಂಬರ್‌ಗಳಿವೆ. ಮೊದಲನೆಯದೋ, ಎರಡನೆಯದೋ?”

ನಾನು ಸಿಮ್ಮು ಬದಲಿಸಿದಾಗ ಹೊಸ ನಂಬರು ಹಾಕಿಕೊಟ್ಟು, ಹಳೆಯದನ್ನು ಅಳಿಸದೆ ಬಿಟ್ಟಿದ್ದೆ. ನೋಡಿ, ನನ್ನ ಸೋಮಾರಿತನ ಎಲ್ಲಿ ಬಂದು ಕೂತಿತ್ತು! ನೋವಿಗೆ ಕಣ್ಣು ಕತ್ತಲೆ ಕಟ್ಟುತ್ತಿದ್ದ ಚಿಕ್ಕಪ್ಪ ಬೇಗ ಬೇಗ ಉತ್ತರ ಕೊಟ್ಟ. ಹೇಗೆ? ಎಡಗೈ ಎತ್ತಿ ಎರಡು ಬೆರಳು ತೋರಿಸಿದ!

ಅವಳು ಕಾದಳು. ಇವನೂ ಬೆರಳು ಹಿಡಿದುಕೊಂಡೇ ಕಾದ. ಕೊನೆಗೆ, “ಕ್ಷಮಿಸಿ, ನನಗೆ ಏನೂ ಕೇಳಿಸಲಿಲ್ಲ,” ಎಂದು ಅವಳು ಮಲಗಿಬಿಟ್ಟಳು. ಆಗ ಚಿಕ್ಕಪ್ಪ ಕರೆಂಟಿನವರಿಗೆ ಎಂದೂ ಹಾಕದ ಶಾಪವನ್ನು ತನಗೇ ಹಾಕಿಕೊಂಡನಂತೆ. ಮತ್ತೆ ಎಬ್ಬಿಸಿ, ಮತ್ತೆ ನನ್ನ ಹೆಸರು ಹೇಳಿ, ಅವಳು ಮತ್ತೆ ಕೇಳಿದಾಗ ಆ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಿರುಚಿದ: “ಎರಡನೇದು!”

ನನ್ನ ಫೋನು ಹೊಡೆದುಕೊಂಡಿತು. ದೂರದಿಂದ ಚಿಕ್ಕಪ್ಪನ ದನಿ.

“ಪುಟ್ಟಿ, ಕೈ ಮಗ್ಗದಲ್ಲದೆ. ಕರೆಂಟ್ ಬರೋದ್ರೊಳ್ಗೆ ಬಂದು ಮೇನ್ ಸ್ವಿಚ್ ಕೆಳಗ್ ಮಾಡು. ಅಳೋದೆಲ್ಲ ಆಮೇಲೆ!”

ಚಪ್ಪಲಿ ಹಾಕಲಿಲ್ಲ. ಎರಡು ಬೀದಿ ಎಂದೆನಲ್ಲ, ಅವತ್ತು ಅದು ದಾಬಸ್‌ಪೇಟೆಯಷ್ಟು ದೂರವಿತ್ತು. ಓಡುವಾಗ ಕಿವಿಯೆಲ್ಲ ಮಗ್ಗಗಳ ಮೇಲೆಯೇ. ಯಾವ ಮನೆಯಿಂದಲಾದರೂ ಒಂದು ಸದ್ದು ಬಂದರೆ ಮುಗಿಯಿತು. ಬೀದಿಯ ತಿರುವಿನಲ್ಲಿ ಗುರುತಿನವರೊಬ್ಬರು, “ಏನಮ್ಮಾ, ಊಟ ಆಯ್ತಾ?” ಎಂದರು. ಶೆಡ್ಡಿನ ಬಾಗಿಲು ತಳ್ಳಿ, ಮೇನ್ ಸ್ವಿಚ್ಚಿನ ಕರಿಯ ಹಿಡಿಯನ್ನು ಎರಡೂ ಕೈಯಲ್ಲಿ ಕೆಳಗೆಳೆದೆ. ಎಳೆದು ಉಸಿರು ಬಿಟ್ಟಿರಲಿಲ್ಲ, ಪಕ್ಕದ ಮನೆಯಲ್ಲಿ ಮಗ್ಗ ಶುರುವಾಯಿತು. ಆಚೆ ಮನೆಯಲ್ಲೂ. ಬೀದಿಯೆಲ್ಲ ಶುರುವಾಯಿತು. ನಮ್ಮ ಶೆಡ್ಡು ಮಾತ್ರ ಸುಮ್ಮನಿತ್ತು.

ಹಿತ್ತಲಿಗೆ ಓಡಿ ಚಿಕ್ಕಮ್ಮನ ಭುಜ ಹಿಡಿದು ಎಳೆದುಕೊಂಡು ಬಂದೆ. ಅವಳು ನೋಡಿದಳು. ಸ್ಪ್ಯಾನರ್ ತೆಗೆದುಕೊಂಡು, ಕೂತು, ಬೆಲ್ಟು ಸಡಿಲ ಮಾಡಿ, ಚಕ್ರವನ್ನು ಹಿಂದಕ್ಕೆ ತಿರುಗಿಸಿ ಆ ಕೈಯನ್ನು ಬಿಡಿಸಿದಳು. ಆಸ್ಪತ್ರೆಯಲ್ಲಿ ಮೂರು ಬೆರಳಿನ ಮೂಳೆ ಮುರಿದಿದೆ, ಕೈ ಉಳಿಯುತ್ತದೆ ಎಂದರು. ಮೊಣಕೈವರೆಗೆ ದಪ್ಪ ಬ್ಯಾಂಡೇಜು ಕಟ್ಟಿ ಕಳಿಸಿದರು.

ಕಷ್ಟ ಅಲ್ಲಿಗೇ ಮುಗಿದಿದ್ದರೆ ಈ ಪ್ರಬಂಧವೂ ಅಲ್ಲಿಗೇ ಮುಗಿಯುತ್ತಿತ್ತು. ಮನೆಗೆ ಬಂದ ಮೇಲೆ ತಿಳಿಯಿತು, ಚಿಕ್ಕಪ್ಪನಿಗೆ ಮಾತೇ ಹೋಗಿದೆ! ಒಂದೇ ಕೈಯಲ್ಲಿ ಅರ್ಧ ಸನ್ನೆ ಮಾಡಿದರೆ ಏನು ಅರ್ಥವಾಗಬೇಕು? ನೀರು ಕೇಳಿದರೆ ಚಿಕ್ಕಮ್ಮ ಪೊರಕೆ ತಂದಳು. ದಿಂಬು ಕೇಳಿದರೆ ಬೆಕ್ಕನ್ನು ಓಡಿಸಿದಳು. ಆದರೆ ನಾವು ನಗಲಿಲ್ಲ. ಏಕೆಂದರೆ ಚಿಕ್ಕಮ್ಮನ ಎರಡೂ ಕೈ ನೆಟ್ಟಗಿದ್ದರೂ ಅವಳು ಒಂದು ಸನ್ನೆಯನ್ನೂ ಮಾಡುತ್ತಿರಲಿಲ್ಲ. ಶೆಡ್ಡಿಗೆ ಕಾಲಿಡಲಿಲ್ಲ. ಗಂಡನ ಮುಖ ನೋಡುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ನನ್ನ ಹತ್ತಿರ, ಅಪರೂಪಕ್ಕೆ ಬಾಯಿಬಿಟ್ಟು, ತಗ್ಗು ದನಿಯಲ್ಲಿ ಹೇಳಿದಳು: “ಅಷ್ಟು ಕೂಗ್ಕೊಂಡವ್ರೆ. ನಾನು ಇಲ್ಲೇ ತಪ್ಪಲೆ ಉಜ್ಕೊಂಡ್ ಕೂತಿದ್ದೆ. ನಾನಿದ್ದೂ ಏನು ಬಂತು ಪುಟ್ಟಿ?”

ಮಾರನೆಯ ದಿನ ನಾನು ಫೋನು ಹಿಡಿದು ಚಿಕ್ಕಪ್ಪನ ಮುಂದೆ ಕೂತೆ. ನೀನು ಹೇಳಿದ್ದನ್ನು ಇವಳು ಕನ್ನಡದಲ್ಲೇ ಬರೆಯುತ್ತಾಳೆ, ಅಕ್ಷರ ದೊಡ್ಡದು ಮಾಡಿದ್ದೇನೆ, ಚಿಕ್ಕಮ್ಮ ಓದಿಕೊಳ್ಳುತ್ತಾಳೆ ಎಂದೆ. ಅವನು ಮುಖ ಸಿಂಡರಿಸಿದ.

“ನಮ್ಮಿಬ್ರ ಮಧ್ಯೆ ಇವ್ಳು ಯಾಕೆ?”

“ಹಂಗಾದ್ರೆ ಪೊರಕೇನೇ ಕುಡಿ!”

ಫೋನು ತೆಗೆದುಕೊಂಡ. ಮೊದಲ ಮಾತು, ‘ಸಾರಿಗೆ ಉಪ್ಪು ಕಮ್ಮಿ’. ಚಿಕ್ಕಮ್ಮ ಓದಿ, ಉಪ್ಪಿನ ಡಬ್ಬಿ ತಂದು ಮುಂದೆ ಕುಕ್ಕಿ ಹೋದಳು. ಅದನ್ನೇ ದೊಡ್ಡ ಗೆಲುವು ಎಂದುಕೊಂಡು ನಾನು ಕಾಫಿ ಮಾಡಲು ಒಳಗೆ ಹೋದೆ.

ಲೋಟ ಹಿಡಿದು ಹೊರಗೆ ಬಂದರೆ ಇಬ್ಬರೂ ಜಗಲಿಯ ಮೇಲೆ ಕೂತಿದ್ದರು. ಚಿಕ್ಕಪ್ಪ ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡುತ್ತಿದ್ದ. ಬೀದಿಗೆ ಇರಲಿ, ಬಾಗಿಲಲ್ಲಿ ನಿಂತ ನನಗೇ ಕೇಳಿಸಲಿಲ್ಲ. ಮುಗಿಸಿ, ಫೋನನ್ನು ಚಿಕ್ಕಮ್ಮನ ತೊಡೆಯ ಮೇಲಿಟ್ಟ. ಕದ್ದು ಓದಬಾರದಿತ್ತು, ಓದಿದೆ. ಪೂರ್ಣವಿರಾಮವಿಲ್ಲ, ಅಲ್ಪವಿರಾಮವಿಲ್ಲ, ಅವನು ಹೇಳಿದ ಹಾಗೆಯೇ ಫೋನಿನ ಹುಡುಗಿ ಬರೆದುಬಿಟ್ಟಿದ್ದಳು:

‘ನಿಂಗೆ ಕೇಳಲ್ಲ ಅಂತ ಗೊತ್ತಿತ್ತು ಆದ್ರೂ ಫೋನ್ ಗಿಂತ ಮುಂಚೆ ನಿನ್ನೇ ಕೂಗ್ದೆ ನಿನ್ನ ಕೂಗ್ತಾ ಇದ್ರೆ ಧೈರ್ಯ ಬರ್ತಿತ್ತು ಅದಕ್ಕೇ ಕೂಗ್ತಾನೇ ಇದ್ದೆ’

ಚಿಕ್ಕಮ್ಮ ಎರಡು ಸಲ ಓದಿದಳು. ಸೆರಗಿನಿಂದ ಫೋನಿನ ಗಾಜು ಒರೆಸಿದಳು, ಅದರ ಮೇಲೆ ಎರಡು ಹನಿ ಬಿದ್ದಿದ್ದವು. ಆಮೇಲೆ ಎಷ್ಟೋ ದಿನದಿಂದ ಸುಮ್ಮನಿದ್ದ ಕೈ ಎತ್ತಿದಳು. ಹರಿದ ಎಳೆಗೆ ಗಂಟು ಹಾಕಿದಂತೆ ಎಡಗೈಯ ತೋರುಬೆರಳಿನ ಮೇಲೆ ಬಲಗೈ ಬೆರಳುಗಳನ್ನು ತಿರುಚಿದಳು. ಅಂಗೈಯನ್ನು ಮುಂದಕ್ಕೆ ತಳ್ಳಿದಳು. ಚಿಕ್ಕಪ್ಪ ಚಿಕ್ಕ ಮಗುವಿನ ಹಾಗೆ ಅತ್ತ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ?

ಮುಂದಿನ ಮಾತಿಗೆ ಕಾಯುತ್ತಿದ್ದ ಫೋನು, “ಕ್ಷಮಿಸಿ, ನನಗೆ ಏನೂ ಕೇಳಿಸಲಿಲ್ಲ,” ಎಂದಿತು.