ಮರಿಲಿಂಗಪ್ಪ ಮಾಡಿದ ಫೋನ್ ವೈರು

ಫೋನು ಪಡಸಾಲೆಯಲ್ಲಿತ್ತು, ಅಲ್ಲಿಂದಲೇ ರಗಳೆ ಶುರುವಾಯಿತು. ಶಹಾಪುರದ ಆ ಓಣಿಗೆಲ್ಲ ಅದೊಂದೇ ಫೋನು. ಕಾಲುವೆ ಆಫೀಸಿನ ಗುಮಾಸ್ತ ಮರಿಲಿಂಗಪ್ಪನ ನಂಬರನ್ನು ಓಣಿಯವರೆಲ್ಲ ತಮ್ಮದೇ ಎಂಬಂತೆ ಬೀಗರಿಗೆ, ಬಿಜ್ಜರಿಗೆ ಹಂಚಿಬಿಟ್ಟಿದ್ದರು. ನಾಟಿಗದ್ದೆಯ ಕೆಸರುಗಾಲಿನಲ್ಲೇ ಬಂದು ಕುರ್ಚಿ ಹಿಡಿಯುವರು, ಫೋನ್ ಬರುವ ತನಕ ಚಹಾ ಕುಡಿಯುವರು. ಇನ್ನು ತಾನು ಒಂದು ಕಪ್ಪು ಚಹಾ ಸಹ ಮಾಡುವುದಿಲ್ಲ ಎಂದು ಹೆಂಡತಿ ಮೌನಮ್ಮ ಖಡಾಖಂಡಿತ ಹೇಳಿದ ಮೇಲೆ, ಉದ್ದನೆಯ ವೈರು ಹಾಕಿ ಫೋನನ್ನು ಹೊರಗಿನ ಕಟ್ಟೆಗೆ ಸಾಗಿಸುವುದೆಂದು ಮರಿಲಿಂಗಪ್ಪ ನಿಶ್ಚಯಿಸಿದ.

ಲೈನ್‌ಮನ್ನನ್ನು ಕರೆದಿದ್ದರೆ ಕತೆಯೇ ಇರುತ್ತಿರಲಿಲ್ಲ. ಇವನೋ ರಾಯಚೂರಿಗೆ ಹೋದಾಗ ವೈರಿನ ತುದಿಗೆ ಪ್ಲಗ್ ಒತ್ತುವ ಪಕ್ಕಡ, ಹದಿನೈದು ಮೀಟರ್ ವೈರು, ನಾಲ್ಕು ಪುಟ್ಟ ಪ್ಲಗ್ಗು ತಂದ. ಎದುರುಮನೆಯ ದರ್ಜಿ ಲಾಡ್ಲೇಸಾಬನಿಗೆ ಅವನ್ನು ತೋರಿಸಿ, ಇಷ್ಟಕ್ಕೆಲ್ಲ ಲೈನ್‌ಮನ್ ಯಾಕೆ ಬೇಕು ಎಂದು ಜಂಬ ಕೊಚ್ಚಿದ.

ಭಾನುವಾರ ಬೆಳಿಗ್ಗೆ ಫೋನನ್ನು ಕಟ್ಟೆಗೆ ತಂದಿಟ್ಟುಕೊಂಡು ಕೆಲಸಕ್ಕೆ ಕೂತ. ಒಳಗೆ ಬಣ್ಣ ಹೇಗೆ ಜೋಡಿಸಿದ್ದಾರೆ ನೋಡೋಣವೆಂದು ಮೊದಲು ಹಳೆಯ ವೈರನ್ನೇ ಕತ್ತರಿಸಿದ. ಹೊಸ ವೈರಿನ ಮೇಲಿನ ಸಿಪ್ಪೆಯನ್ನಷ್ಟೇ ಸುಲಿಯಬೇಕು. ಇವನು ಶ್ರದ್ಧೆ ಹೆಚ್ಚಾಗಿ ಒಳಗಿನ ಕೆಂಪು, ಹಸಿರು ಎಳೆಗಳ ಸಿಪ್ಪೆಯನ್ನೂ ಹಲ್ಲಿನಿಂದ ಸುಲಿದು, ಬತ್ತಲೆ ತಾಮ್ರವನ್ನು ಪ್ಲಗ್ಗಿಗೆ ತುರುಕಿ ಒತ್ತಿದ. ಎಳೆಗಳು ಒಂದಕ್ಕೊಂದು ತಾಗಿ ಕೂತವು, ಫೋನು ಸತ್ತುಹೋಯಿತು. ಉಳಿದ ಪ್ಲಗ್ಗುಗಳೂ ಅದೇ ದಾರಿ ಹಿಡಿದವು.

ಅಷ್ಟರಲ್ಲಿ ಮಂಡಿ ಹಿಡಿದುಕೊಂಡು ಪಕ್ಕದಮನೆಯ ಗೊಲ್ಲಾಳಮ್ಮ ಬಂದು ಕಟ್ಟೆಯ ಮೇಲೆ, ಫೋನಿನ ಮುಂದೆಯೇ ಕೂತಳು. ಮಗಳು ದೇವಕ್ಕನನ್ನು ಚೊಚ್ಚಲ ಹೆರಿಗೆಗೆ ರಾತ್ರಿ ಸುರಪುರದ ದವಾಖಾನೆಗೆ ಸೇರಿಸಿದ್ದರು. ಸುದ್ದಿಯನ್ನು ಅಳಿಯ ಭೀಮರಾಯ ಈ ನಂಬರಿಗೇ ತಿಳಿಸಬೇಕಿತ್ತು. ವೈರು ಕೆಟ್ಟಿದೆ ಎನ್ನಲು ಮರಿಲಿಂಗಪ್ಪ ಬಾಯಿ ತೆರೆದ. ಆದರೆ ಎದುರಿಗೆ ಲಾಡ್ಲೇಸಾಬ ಮಿಷನ್ ನಿಲ್ಲಿಸಿ ಇತ್ತಲೇ ನೋಡುತ್ತಿದ್ದ. ಕೊಚ್ಚಿದ ಜಂಬ ನೆನಪಾಗಿ, ಕೆಟ್ಟ ಪ್ಲಗ್ಗುಗಳನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

ಹತ್ತು ಗಂಟೆಯಾಯಿತು. ಫೋನು ಬರಲಿಲ್ಲವೆಂದರೆ ಏನೋ ಕೆಟ್ಟದ್ದೇ ಆಗಿದೆ ಎಂದು ಗೊಲ್ಲಾಳಮ್ಮ ಅಳತೊಡಗಿದಳು. ಮರಿಲಿಂಗಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಅವಳು ಮುಖ ತೊಳೆಯಲು ಒಳಗೆ ಹೋದದ್ದೇ ತಡ, ರಿಸೀವರ್ ಎತ್ತಿ ಹೌದ್ರಿ, ಹೌದ್ರಿ ಎಂದು ಜೋರಾಗಿ ಮಾತಾಡಿ ಇಟ್ಟುಬಿಟ್ಟ. ಅವಳು ಓಡಿಬಂದಳು. ದೇವಕ್ಕ ಹೆತ್ತಳೆಂದೂ ಆರಾಮಿದ್ದಾಳೆಂದೂ ಹೇಳಿದ.

"ಗಂಡೋ, ಹೆಣ್ಣೋ, ಯಪ್ಪಾ?"

ಇದನ್ನು ಅವನು ಯೋಚಿಸಿರಲಿಲ್ಲ. ಯಾವುದೇ ಹೇಳಿದರೂ ತಪ್ಪಾದೀತು ಎಂದು ಗುಮಾಸ್ತನ ಬುದ್ಧಿ ಎಚ್ಚರಿಸಿತು.

"ಎರಡೂ ಅದಾವ ಯವ್ವಾ," ಎಂದ.

ಖರೇ ಸುದ್ದಿ ತಿಳಿದು ಬಂದು ತಿದ್ದಿದರಾಯಿತೆಂದು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಓಡಿ ದವಾಖಾನೆಗೆ ಫೋನ್ ಹಚ್ಚಿದ. ದೇವಕ್ಕನಿಗೆ ಇನ್ನೂ ಹೆರಿಗೆಯೇ ಆಗಿಲ್ಲ, ನೋವು ತಿನ್ನುತ್ತಿದ್ದಾಳೆ ಎಂದು ಅಲ್ಲಿಯ ನರ್ಸು ಹೇಳಿದಳು.

ವಾಪಸು ಬಂದು ನೋಡಿದರೆ ಗೊಲ್ಲಾಳಮ್ಮ ಮನೆಮನೆಗೂ ಸಕ್ಕರೆ ಹಂಚಿ ಮುಗಿಸಿದ್ದಾಳೆ, ಬಡಗಿಗೆ ಎರಡನೇ ತೊಟ್ಟಿಲು ಹೇಳಿಕಳಿಸಿದ್ದಾಳೆ. ಲಾಡ್ಲೇಸಾಬ ಎರಡು ಕುಲಾವಿಗೆ ಬಟ್ಟೆ ಕತ್ತರಿಸಿದ್ದಾನೆ, ಒಂದು ಕೆಂಪು, ಒಂದು ಹಸಿರು. ಒಳ್ಳೆ ಸುದ್ದಿ ತಂದ ಬಾಯಿ ಇದು ಎನ್ನುತ್ತ ಮುದುಕಿ ಇವನ ಬಾಯಿಗೂ ಸಕ್ಕರೆ ಹಾಕಿದಳು. ಅದು ನುಂಗಲಾರದ ತುತ್ತಾಯಿತು. ಅಲ್ಲಿ ನೋವು ತಿನ್ನುತ್ತಿರುವ ಹುಡುಗಿಗೆ ಹೆಚ್ಚುಕಡಿಮೆಯಾದರೆ ಈ ತಾಯಿಗೆ ಯಾವ ಮುಖ ತೋರಿಸಲಿ ಎಂದು ನಾಚಿ, ಒಳಗೆ ಹೋಗಿ ಮಧ್ಯಾಹ್ನ ಎರಡರ ತನಕ ಗೋಡೆಗೆ ಮುಖ ಮಾಡಿ ಕೂತ. ಮೌನಮ್ಮನಿಗೆ ಎಲ್ಲ ಹೇಳಿದ. ಅವಳು ಹಣೆ ಚಚ್ಚಿಕೊಂಡು, ಹೊರಗೆ ಹೋಗಿ ಈಗಲೇ ತಪ್ಪೊಪ್ಪಿಕೋ ಎಂದಳು.

ಎದೆ ಗಟ್ಟಿ ಮಾಡಿಕೊಂಡು ಕಟ್ಟೆಗೆ ಬರುವುದಕ್ಕೂ ಸುರಪುರದ ಬಸ್ಸಿಳಿದ ಭೀಮರಾಯ ಓಣಿಗೆ ಬರುವುದಕ್ಕೂ ಸರಿಹೋಯಿತು.

"ನಿಮ್ಮ ಫೋನ್ ಮುಂಜಾನಿಂದ ಎಂಗೇಜ್ ಐತಿ ನೋಡ್ರಿ," ಎಂದ ಭೀಮರಾಯ, ಬೆವರು ಒರೆಸಿಕೊಳ್ಳುತ್ತ. "ಅದಕ್ಕ ನಾನ ಬಂದೆ. ಅವಳಿಜವಳಿ ಹುಟ್ಯಾವ. ಒಂದು ಗಂಡು, ಒಂದು ಹೆಣ್ಣು. ಹನ್ನೆರಡೂವರಿಗೆ. ದೇವಕ್ಕ ಆರಾಮದಾಳ."

ಓಣಿಯವರು ಸುತ್ತ ನೆರೆದರು. ಹತ್ತು ಗಂಟೆಗೇ ತಿಂದ ಸಕ್ಕರೆ ಎಲ್ಲರಿಗೂ ನೆನಪಿತ್ತು. ಮರಿಲಿಂಗಪ್ಪ ಕೈಮುಗಿದು ನಿಂತ. ಫೋನು ಸತ್ತದ್ದು, ತಾನು ಸುಳ್ಳು ಹೇಳಿದ್ದು, ಎಲ್ಲವನ್ನೂ ತಲೆ ತಗ್ಗಿಸಿ ಒಪ್ಪಿಕೊಂಡ. ನಾಲ್ಕು ಪ್ಲಗ್ಗು ಕೆಡಿಸಿದ್ದನ್ನೂ ಬಿಡಲಿಲ್ಲ. ಇನ್ನು ಉಗಿಯುತ್ತಾರೆ, ಉಗಿಸಿಕೊಂಡು ಹಗುರಾದರೆ ಸಾಕೆಂದು ಕಣ್ಣು ಮುಚ್ಚಿದ.

ಯಾರೂ ಉಗಿಯಲಿಲ್ಲ. ಗೊಲ್ಲಾಳಮ್ಮ ಸೆರಗು ತಲೆಮೇಲೆ ಎಳೆದುಕೊಂಡು ಫೋನಿಗೆ ನಮಸ್ಕರಿಸಿದಳು.

"ಹನ್ನೆರಡೂವರಿ ಸುದ್ದಿ ಸತ್ತ ಫೋನ್‌ದಾಗ ಹತ್ತಕ್ಕ ಬಂತಂದ್ರ, ಇದು ಸಾದಾ ವೈರ್ ಅಲ್ಲಪಾ," ಎಂದಳು.

ಅದು ಬರೀ ಸುಳ್ಳು, ನಂಬಬೇಡಿ ಎಂದು ಮರಿಲಿಂಗಪ್ಪ ಪರಿಪರಿಯಾಗಿ ಬೇಡಿಕೊಂಡ. ಬೇಡಿಕೊಂಡಷ್ಟೂ ಅವನ ವಿನಯಕ್ಕೆ ಓಣಿ ತಲೆದೂಗಿತು. ಕಳೆದ ಎಮ್ಮೆ ಯಾವ ದಿಕ್ಕಿಗಿದೆ ಕೇಳುವವರು, ಸೌದಿಯ ವೀಸಾ ಕೇಳುವ ಲಾಡ್ಲೇಸಾಬ, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ಕಾಲುವೆ ಆಫೀಸಿನ ಗುಮಾಸ್ತನನ್ನು ಬಿಟ್ಟು ಅವನ ಫೋನನ್ನು ಕೇಳಬಂದ ರೈತರು, ಹೀಗೆ ಸಂಜೆಯ ಹೊತ್ತಿಗೆ ಸಾಲು ಓಣಿಯ ತುದಿ ಮುಟ್ಟಿತು.

ಅವನು ನಾಚಿಕೆಯಿಂದ ಕುಗ್ಗಿ ಒಳಗೆ ಓಡಲು ತಿರುಗಿದ. ಬಾಗಿಲಿಗೆ ಅಡ್ಡಲಾಗಿ ಮೌನಮ್ಮ ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ರಿಸೀವರ್ ಹಿಡಿದು ನಿಂತಿದ್ದಳು.

"ಮೊದಲ ನಮ್ಮ ತಮ್ಮಗ ನೌಕರಿ ಯಾವಾಗ ಹತ್ತತದ ಕೇಳ್ರಿ," ಎಂದಳು ಮೆಲ್ಲಗೆ. "ಆಮ್ಯಾಲ ಹೊರಗಿನವ್ರದ."